ಜಿಂಕಿ ಎದ್ದ ಹೊತ್ತು

ಆಪರೇಷನ್ ಆದ ನಾಯಿ ತನ್ನ ಕಾಲ ಮೇಲೆ ತಾನು ಎದ್ದು ನಾಲ್ಕು ಹೆಜ್ಜೆ ನಡೆಯುವ ತನಕ ಡಾಕ್ಟರ್ ರೇಣುಕಾಪ್ರಸಾದ್ ಅದನ್ನು ಮನೆಗೆ ಬಿಡುವುದಿಲ್ಲ. ಕೆ.ಆರ್. ನಗರದ ಜನಕ್ಕೆಲ್ಲ ಇದು ಗೊತ್ತಿರುವ ವಿಷಯ. ಬಸ್ಸು ತಪ್ಪುತ್ತದೆ ಎಂದು ಗೋಗರೆದರೂ ಅಷ್ಟೇ, ದೊಡ್ಡ ಸಾಹೇಬರ ಮನೆಯ ನಾಯಿಯಾದರೂ ಅಷ್ಟೇ. ಊಟ ತಣ್ಣಗಾಯಿತು ಎಂದು ಹೆಂಡತಿ ಉಷಾರಾಣಿ ಫೋನು ಮಾಡಿದರೆ 'ಇನ್ನೂ ಎದ್ದಿಲ್ಲ' ಎಂದಷ್ಟೇ ಹೇಳಿ ಇಟ್ಟುಬಿಡುತ್ತಾರೆ. ಜಾಗ್ರತೆಯ ಮನುಷ್ಯ ಎಂದು ಕೆಲವರು ಹೊಗಳುತ್ತಾರೆ, ತಲೆ ಸ್ವಲ್ಪ ಸಡಿಲ ಎಂದು ಕೆಲವರು ನಗುತ್ತಾರೆ. ಎರಡೂ ಅಲ್ಲ. ಆ ಮನುಷ್ಯ ಹೆದರಿದ್ದಾರೆ. ಒಂಬತ್ತು ವರ್ಷದಿಂದ ಹೆದರಿಕೊಂಡೇ ಬದುಕಿದ್ದಾರೆ, ಯಾಕೆಂದು ಹೆಂಡತಿಗೂ ಹೇಳಿಲ್ಲ.

ಅದು ತೊಂಬತ್ತೆಂಟರ ಬೇಸಿಗೆಯ ಮಾತು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ, ತಲೆತುಂಬ ಕೂದಲಿತ್ತು. ಆ ವಯಸ್ಸಿನವನಿಗೆ ಬಹುವಚನ ಭಾರ. ಈ ಕತೆ ಮುಗಿಯುವವರೆಗೆ ಅವನು ಎಂದೇ ಕರೆಯೋಣ.

ಹ್ಯಾಂಡ್‌ಪೋಸ್ಟ್ ಎಂಬ ಊರಿನಿಂದ ಕಾಡಿನ ಕಡೆಗೆ ಹೋಗುವ ರಸ್ತೆಯಲ್ಲಿ ಎರಡು ಕೋಣೆಯ ಒಂದು ಪಶು ಚಿಕಿತ್ಸಾಲಯವಿತ್ತು. ರೇಣುಕಾಪ್ರಸಾದ್ ಅಲ್ಲಿಯ ಡಾಕ್ಟರು. ಅಟೆಂಡರ್ ಮರಿಯಯ್ಯ ಅಲ್ಲಿ ಇಪ್ಪತ್ತಾರು ವರ್ಷ ಕಳೆದು, ನಾಲ್ಕು ಡಾಕ್ಟರುಗಳನ್ನು ಕಂಡು ಮುಗಿಸಿದ್ದ. ಹಸು ಎಮ್ಮೆಗಳ ಕೆಲಸದ ನಡುವೆ ರೇಣುಕಾಪ್ರಸಾದ್ ಹೆಚ್ಚಿನ ಡಿಗ್ರಿಗೆ ಓದುತ್ತಿದ್ದ. ಅದಕ್ಕೆ ಒಂದು ಥೀಸಿಸ್ ಬರೆಯಬೇಕು. ಅವನು ಆರಿಸಿಕೊಂಡ ವಿಷಯ ನಾಯಿಗೆ ಸೂಜಿಯಲ್ಲಿ ಕೊಡುವ ಮತ್ತಿನ ಔಷಧಿ. ದೊಡ್ಡ ಊರಿನಲ್ಲಾದರೆ ಗ್ಯಾಸು ಕೊಡುವ ಯಂತ್ರ ಇರುತ್ತದೆ. ಹಳ್ಳಿಯ ಡಾಕ್ಟರಿಗೆ ಇರುವುದು ಸಿರಿಂಜು ಒಂದೇ. ಎರಡು ಬಗೆಯ ಜೋಡಿ ಔಷಧಿಗಳಲ್ಲಿ ನಮ್ಮ ಸೀಮೆಯ ನಾಯಿಗೆ ಯಾವುದು ವಾಸಿ ಎಂದು ನೋಡುವುದು ಅವನ ಉದ್ದೇಶ. ಮೊದಲ ಜೋಡಿ ಜೈಲಜೀನ್ ಮತ್ತು ಕೆಟಮಿನ್. ಎರಡನೆಯದು ಜೈಲಜೀನ್ ಮತ್ತು ಥಯೋಪೆಂಟೋನ್.

ಹನ್ನೆರಡು ಹೆಣ್ಣು ನಾಯಿಗಳು ಬೇಕಿತ್ತು. ಆರಕ್ಕೆ ಮೊದಲ ಜೋಡಿ ಕೊಟ್ಟು, ಆರಕ್ಕೆ ಎರಡನೆಯದು ಕೊಟ್ಟು, ಮರಿಯಾಗದಂತೆ ಆಪರೇಷನ್ ಮಾಡುವುದು. ಯಾವ ನಾಯಿಗೆ ಯಾವ ಜೋಡಿ ಎಂಬುದನ್ನು ಡಾಕ್ಟರು ತನ್ನಿಷ್ಟಕ್ಕೆ ತೀರ್ಮಾನಿಸುವಂತಿಲ್ಲ. ಹಾಗೆ ಮಾಡಿದರೆ ಹೋಲಿಕೆಗೆ ಅರ್ಥವಿಲ್ಲ. ಅದಕ್ಕೇ ಒಂದು ಖಾಲಿ ಗ್ಲೂಕೋಸ್ ಡಬ್ಬಿಯಲ್ಲಿ ಆರು 'ಒಂದು', ಆರು 'ಎರಡು' ಎಂಬ ಚೀಟಿಗಳಿದ್ದವು. ನಾಯಿ ಬಂದ ಮೇಲೆ ಮರಿಯಯ್ಯ ಕಣ್ಣು ಮುಚ್ಚಿ ಒಂದನ್ನು ಎತ್ತುತ್ತಿದ್ದ. ಪಂಚಾಯ್ತಿ ಮೀಸಲಾತಿಯೇ ಅದರ ಮೇಲೆ ನಿಂತಿದೆಯೇನೋ ಎಂಬ ಗಾಂಭೀರ್ಯ ಅವನದು. ಆಮೇಲೆ ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆಯುವುದು: ಮಲಗಿದ ಹೊತ್ತು, ಮತ್ತಿನಿಂದ ಎಚ್ಚೆತ್ತು ಮೊದಲ ಸದ್ದು ಮಾಡಿದ ಹೊತ್ತು, ತಲೆ ಎತ್ತಿದ ಹೊತ್ತು, ಎದ್ದು ನಿಂತ ಹೊತ್ತು.

ಮೊದಲ ಜೋಡಿಯಲ್ಲಿ ಒಂದು ಫಜೀತಿಯಿತ್ತು. ಕೆಟಮಿನ್ ಕೊಟ್ಟ ನಾಯಿ ಕಣ್ಣು ಮುಚ್ಚುವುದಿಲ್ಲ. ಹೊಟ್ಟೆ ಕೊಯ್ದರೂ ಅದಕ್ಕೆ ತಿಳಿಯುವುದಿಲ್ಲ, ಆದರೆ ಕಣ್ಣು ಮಾತ್ರ ಅಗಲಕ್ಕೆ ತೆರೆದುಕೊಂಡು ಎದುರಿಗಿರುವವರನ್ನೇ ನೋಡುತ್ತಿರುತ್ತದೆ. ಕಣ್ಣು ಒಣಗದಿರಲೆಂದು ಮರಿಯಯ್ಯ ಒದ್ದೆ ಹತ್ತಿ ಇಡುತ್ತಿದ್ದ, ಅದು ಜಾರಿ ಬೀಳುತ್ತಿತ್ತು. ನಾಯಿ ತಂದವರು ಬಾಗಿಲಲ್ಲಿ ನಿಂತು 'ನೋಡ್ತಾ ಅದೆ ಕಣ್ರೀ, ಅದಕ್ಕೆಲ್ಲಾ ಗೊತ್ತಾಯ್ತಾ ಅದೆ' ಎಂದು ಗೋಳಾಡುತ್ತಿದ್ದರು. ಅವರಿಗೆ ಸಮಾಧಾನ ಹೇಳುವುದೇ ಒಂದು ಕೆಲಸ. ಎರಡನೇ ಜೋಡಿಯಲ್ಲಿ ಈ ರಗಳೆಯಿಲ್ಲ. ತೆಳು ಹಳದಿ ಪುಡಿಯನ್ನು ನೀರಿನಲ್ಲಿ ಕರಗಿಸಿ ಮುಂಗಾಲಿನ ನರಕ್ಕೆ ಕೊಟ್ಟರೆ ನಾಯಿ ಒಮ್ಮೆ ಆಕಳಿಸಿ ಕಣ್ಣು ಮುಚ್ಚಿ ಮಲಗುತ್ತಿತ್ತು. ನೋಡುವವರಿಗೂ ಹಿತ. ಹಾಗಾಗಿ ಆ ನಾಯಿಗಳ ಮನೆಯವರಿಗೆ ರೇಣುಕಾಪ್ರಸಾದ್ ಏನನ್ನೂ ವಿವರಿಸಿ ಹೇಳುತ್ತಿರಲಿಲ್ಲ.

ಒಂಬತ್ತನೆಯ ನಾಯಿ ಜಿಂಕಿ. ಕಾಕನಕೋಟೆ ಕಾಡಂಚಿನ ಕಲ್ಲುಮಾಳದಿಂದ ಬೀರಮ್ಮ ಎಂಬ ಮುದುಕಿ ಅದನ್ನು ತಂದಳು, ಜೊತೆಗೆ ಮಗ ಚಾಮಯ್ಯ. ಮೂರು ತಿಂಗಳ ಹಿಂದೆ ಅವರ ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿದ್ದಾಗ ರೇಣುಕಾಪ್ರಸಾದ್ ಹೋಗಿ ಕರು ಎಳೆದು ಬಂದಿದ್ದ. ಆಗಲೇ ಆ ನಾಯಿ ಅವನ ಕಣ್ಣಿಗೆ ಬಿದ್ದದ್ದು. ಕಂದು ಬಣ್ಣ, ಉದ್ದ ಕಾಲು, ಒಳಸೇರಿದ ಹೊಟ್ಟೆ, ಪಕ್ಕೆಲುಬು ಎಣಿಸಬಹುದಾದ ಮೈ. ಎಷ್ಟು ಹಾಕಿದರೂ ದಪ್ಪವಾಗದ ಬೇಟೆನಾಯಿಯ ತಳಿ. ಹೊಲಕ್ಕೆ ಬರುವ ಕಾಡುಹಂದಿಯನ್ನು ಒಂಟಿಯಾಗಿ ಅಟ್ಟುತ್ತಿತ್ತು. ವರ್ಷಕ್ಕೆರಡು ಸಲ ಮರಿ ಹಾಕುತ್ತಿತ್ತು, ಮರಿಗಳೆಲ್ಲ ಚಿರತೆಯ ಪಾಲಾಗುತ್ತಿದ್ದವು.

'ಇವ್ಳು ಎರಾದು, ಅದು ತಿನ್ನಾದು. ಎತ್ತ ಒಟ್ಟೆ ಸಂಕಟ ನೋಡಕಾಗಲ್ಲ ಕಣಪ್ಪ' ಎಂದು ಅವತ್ತು ಬೀರಮ್ಮ ಹೇಳಿಕೊಂಡಿದ್ದಳು.

'ಆಪರೇಷನ್ ಮಾಡಿಸಿಬಿಡಿ ಅಮ್ಮ. ಏನೂ ಆಗಲ್ಲ, ನಾನಿದೀನಿ' ಎಂದು ಅವನು ಹೇಳಿದ್ದ. ಅವಳಿಗೆ ಉಪಕಾರವಾಯಿತು, ತನಗೊಂದು ನಾಯಿ ಸಿಕ್ಕಿತು ಎಂದು ಖುಷಿಯೂ ಪಟ್ಟಿದ್ದ.

ಅವರು ಬಂದಾಗ ಮೇಜಿನ ಮೇಲೆ ಸೋಮಯ್ಯ ಎಂಬುವನ ನಾಯಿ ಇತ್ತು. ಎಂಟನೆಯದು, ಮೊದಲ ಜೋಡಿ. ಬೀರಮ್ಮ ಬಾಗಿಲ ಸಂದಿಯಿಂದ ಇಣುಕಿ ಆ ತೆರೆದ ಕಣ್ಣುಗಳನ್ನು ಕಂಡಳು. ಕಂಡವಳು ಜಿಂಕಿಯನ್ನು ಎದೆಗವುಚಿಕೊಂಡು ಜಗುಲಿಯ ಮೂಲೆಗೆ ಹೋಗಿ ಕೂತುಬಿಟ್ಟಳು. ರೇಣುಕಾಪ್ರಸಾದ್ ಕೈ ತೊಳೆದು ಹೊರಗೆ ಬಂದಾಗ ಅವಳು ಎದ್ದು ನಿಂತು, ಯಾರಿಗೂ ಕೇಳಿಸದ ಹಾಗೆ ಅಂದಳು:

'ನಮ್ಮದ್ಕೆ ಕಣ್ಣು ಮುಚ್ಚೋ ಔಸ್ದಿ ಕೊಡಪ್ಪ. ಅದು ನನ್ನ ನೋಡ್ತಾ ಇರೋವಾಗ ನೀನು ಕುಯ್ಯಬ್ಯಾಡ.'

ಮರಿಯಯ್ಯ ಡಬ್ಬಿ ಅಲ್ಲಾಡಿಸಿ ಚೀಟಿ ಎತ್ತಿದ. 'ಒಂದು' ಎಂದು ಬಂದಿತ್ತು. ರೇಣುಕಾಪ್ರಸಾದ್ ಚೀಟಿ ನೋಡಿದ, ಮುದುಕಿಯನ್ನು ನೋಡಿದ, ಚೀಟಿಯನ್ನು ಮಡಿಸಿ ವಾಪಸ್ಸು ಡಬ್ಬಿಗೆ ಹಾಕಿದ.

'ಎರಡು ಅಂತ ಬರ್ಕೊಳ್ಳಿ' ಎಂದ.

'ಒಂದು ಬಂದಿತ್ತಲ್ಲ ಸಾ.'

'ಮುಂದಿನ ನಾಯಿಗೆ ಒಂದು ಕೊಟ್ಟರಾಯಿತು. ಬರ್ಕೊಳ್ಳಿ ಮರಿಯಯ್ಯ.'

ಇಡೀ ಕೆಲಸದಲ್ಲಿ ಅವನು ನಿಯಮ ಮುರಿದದ್ದು ಅದೊಂದೇ ಸಲ. ಅದೂ ಕರುಣೆಯಿಂದ. ಕರುಣೆ ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ತೆಳ್ಳನೆಯ ಓಟದ ನಾಯಿಗಳಿಗೆ ಥಯೋಪೆಂಟೋನ್ ಬೇಗ ಇಳಿಯುವುದಿಲ್ಲ, ಮೈಯಲ್ಲಿ ಕೊಬ್ಬಿಲ್ಲದ ಕಾರಣ ಔಷಧಿ ರಕ್ತದಲ್ಲೇ ಸುತ್ತುತ್ತಿರುತ್ತದೆ ಎಂದು ಅವನು ಪುಸ್ತಕದಲ್ಲಿ ಓದಿದ್ದ. ಆ ಪುಸ್ತಕದಲ್ಲಿದ್ದದ್ದು ವಿದೇಶದ ರೇಸ್ ನಾಯಿಗಳ ಚಿತ್ರ. ಕಲ್ಲುಮಾಳದಲ್ಲಿ ಮುದ್ದೆ ತಿಂದು ಬೆಳೆದ ಜಿಂಕಿಗೂ ಆ ಚಿತ್ರಕ್ಕೂ ನಂಟಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ ಜಿಂಕಿ ಮಲಗಿತು. ಆಪರೇಷನ್ ಸಲೀಸಾಗಿ ಆಯಿತು. ಹೊಟ್ಟೆಗೆ ಬಿಳಿ ಪಟ್ಟಿ ಸುತ್ತಿ ಜಗುಲಿಯಲ್ಲಿ ಗೋಣಿ ಹಾಸಿ ಮಲಗಿಸಿದರು. ಬೀರಮ್ಮ ಪಕ್ಕದಲ್ಲಿ ಕೂತು ಅದರ ಕಿವಿ ನೀವುತ್ತಾ, 'ಎಳೇ ಕೂಸು ಮಲಗ್ದಂಗೆ ಮಲಗವ್ಳೆ ನೋಡು' ಎಂದು ಮಗನಿಗೆ ತೋರಿಸಿದಳು. ಅವಳ ಮುಖ ನೋಡಿ ರೇಣುಕಾಪ್ರಸಾದನಿಗೆ ತಾನು ಮಾಡಿದ್ದು ಸರಿಯೆನಿಸಿತು.

ಮೂರು ಗಂಟೆಯಾದರೂ ಜಿಂಕಿ ಮಿಸುಕಲಿಲ್ಲ. ಮೂರೂ ಕಾಲಿಗೆ ಕಲ್ಲುಮಾಳದ ಕಡೆಗೆ ಕೊನೆಯ ಬಸ್ಸು. ಅದು ತಪ್ಪಿದರೆ ಆನೆ ಓಡಾಡುವ ದಾರಿಯಲ್ಲಿ ಆರು ಮೈಲಿ ನಡೆಯಬೇಕು, ಅದೂ ನಾಯಿ ಹೊತ್ತುಕೊಂಡು. ಚಾಮಯ್ಯ ನಿಂತಲ್ಲಿ ನಿಲ್ಲದೆ ರಸ್ತೆಗೂ ಜಗುಲಿಗೂ ಓಡಾಡುತ್ತಿದ್ದ.

'ಕಳ್ಸಿ ಬುಡಿ ಸಾ' ಎಂದ ಮರಿಯಯ್ಯ. 'ಇದೇ ಔಸ್ದಿ ಕೊಟ್ಟ ಬ್ಯಾರೆವೆಲ್ಲಾ ಎಲ್ಡು ಗಂಟೆಗೆಲ್ಲಾ ಎದ್ದ್ವಲ್ಲಾ. ಬಸ್ಸಿನ ಕುಲುಕಾಟಕ್ಕೇ ಇದೂ ಎದ್ದೋಯ್ತದೆ.'

ರೇಣುಕಾಪ್ರಸಾದ್ ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದ. ನಿಧಾನವಾಗಿ, ಸರಿಯಾಗಿ ಬಡಿಯುತ್ತಿತ್ತು. 'ಇನ್ನೊಂದು ಗಂಟೆಗೆ ಏಳುತ್ತದೆ. ಎದ್ದು ನಿಂತ ಹೊತ್ತು ಮಾತ್ರ ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ' ಎಂದ. ಚಾಮಯ್ಯ ನಾಯಿಯನ್ನು ಮಂಕರಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಮಾರನೆಯ ದಿನ ಅವನು ಹೋಗಲಾಗಲಿಲ್ಲ. ಅಂತರಸಂತೆ ಕಡೆ ದನಗಳಿಗೆ ಕಾಲುಬಾಯಿ ಜ್ವರ ಬಂದಿದೆಯೆಂದು ಬೆಳಗಾಗುವ ಮುಂಚೆಯೇ ಜೀಪು ಬಂತು. ಎರಡು ದಿನ ಹಟ್ಟಿಯಿಂದ ಹಟ್ಟಿಗೆ ಅಲೆದು ಸೂಜಿ ಹಾಕಿದ. ನಡುವೆ ಒಮ್ಮೆ ಜಿಂಕಿಯ ನೆನಪಾಯಿತು. ಹೊಲಿಗೆ ನೆಕ್ಕಿಕೊಂಡಿರದಿದ್ದರೆ ಸಾಕು ಎಂದುಕೊಂಡ, ಅಷ್ಟೇ. ಮೂರನೆಯ ದಿನ ಹತ್ತು ಗಂಟೆಯ ಬಿಸಿಲಿನಲ್ಲಿ ಮೋಟಾರು ಬೈಕು ಹತ್ತಿ ಕಲ್ಲುಮಾಳಕ್ಕೆ ಹೋದ.

ಬೀರಮ್ಮ ಮನೆಯ ಮುಂದಿನ ತಿಟ್ಟೆಯ ಮೇಲೆ ಕೂತಿದ್ದಳು. ಸೊಸೆ ಪ್ರಮೀಳಾ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ, ಹುಣಸೂರಿನ ಕಡೆಯಿಂದ ಬಂದವಳು. ಬೈಕಿನ ಸದ್ದಿಗೆ ಇಬ್ಬರೂ ತಲೆ ಎತ್ತಿದರು. ರೇಣುಕಾಪ್ರಸಾದ್ ಬೈಕು ನಿಲ್ಲಿಸಿ, ಜೇಬಿನಿಂದ ನೋಟ್‌ಬುಕ್ಕು ತೆಗೆದು ಒಂಬತ್ತನೆಯ ನಾಯಿಯ ಪುಟ ಬಿಡಿಸಿಕೊಂಡೇ ತಿಟ್ಟೆಯ ಹತ್ತಿರ ಬಂದ. ಅವನ ಅವಸರ ಈಗ ನೆನೆದರೆ ಅವನಿಗೇ ಅಸಹ್ಯವಾಗುತ್ತದೆ.

'ಎಷ್ಟೊತ್ತಿಗೆ ಎದ್ದಳು ಅಮ್ಮ ನಿಮ್ಮ ಜಿಂಕಿ?'

'ಏಳ್ನಿಲ್ಲ ಕಣಪ್ಪ' ಎಂದಳು ಬೀರಮ್ಮ. 'ಮನೀಗೆ ತಂದ್ಮೇಲೂ ಏಳ್ನಿಲ್ಲ. ಕಿವಿ ತಣ್ಗಾಗಿತ್ತು. ವಸಡೆಲ್ಲಾ ಬೆಳ್ಗಾಗಿತ್ತು. ಉಸ್ರು ಆಡ್ತಾ ಅದೋ ಇಲ್ವೋ ತಿಳೀನಿಲ್ಲ. ಬೈಗಾಯ್ತಾ ಬಂತು. ಪ್ರಮೀಳ ಬಾಯ್ಗೆ ನೀರು ಬುಟ್ಲು. ಇಳೀನಿಲ್ಲ. ಕಟಬಾಯಿಂದ ಅಂಗೇ ಈಚ್ಗೆ ಬಂದ್ಬುಡ್ತು. ಇನ್ನೇನು ನೋಡಾದು.'

ಮನುಷ್ಯನಿಗಾಗಲಿ ದನಕ್ಕಾಗಲಿ ಆ ಊರಿನಲ್ಲಿ ಕೊನೆಯ ಪರೀಕ್ಷೆ ಅದೇ. ಬಾಯಿಗೆ ನೀರು ಬಿಡುತ್ತಾರೆ. ಗಂಟಲಲ್ಲಿ ಇಳಿದರೆ ಜೀವ ಇದೆ, ಇಳಿಯದಿದ್ದರೆ ಹೋಯಿತು. ನೂರಾರು ವರ್ಷ ಅದು ತಪ್ಪಿರಲಿಲ್ಲ. ಮತ್ತಿನಲ್ಲಿರುವ ಗಂಟಲು ನುಂಗುವುದಿಲ್ಲ ಎಂಬುದು ಡಾಕ್ಟರುಗಳಿಗೆ ಮೊದಲ ವರ್ಷದ ಪಾಠ, ಆದರೆ ಕಲ್ಲುಮಾಳಕ್ಕೆ ಯಾರೂ ಅದನ್ನು ಬಂದು ಹೇಳಿರಲಿಲ್ಲ. ಹೇಳಬೇಕಾಗಿದ್ದವನು ಗಡಿಯಾರ ನೋಡಿ ಎಂದಷ್ಟೇ ಹೇಳಿದ್ದ.

ಬೀರಮ್ಮ ಹಿತ್ತಿಲ ಕಡೆಗೆ ಕೈ ತೋರಿಸಿದಳು. ಅಲ್ಲಿ ಒಂದು ಹಳೆಯ ಹಗೇವು ಇತ್ತು. ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ಆಳುದ್ದಕ್ಕೆ ತೋಡಿದ ಕಣಜ. ಬಾಯಿ ಕಿರಿದು, ಒಳಗೆ ಅಗಲ, ಮೇಲೆ ಮುಚ್ಚಲು ಒಂದು ಚಪ್ಪಡಿ. ಚಾಮಯ್ಯನ ತಾತ ಒಂದು ವರ್ಷ ರಾಗಿ ತೆಗೆಯಲು ಇಳಿದವನು ಒಳಗಿನ ಕೆಟ್ಟ ಗಾಳಿಗೆ ಸಿಕ್ಕಿ ಮೇಲೆ ಬಂದಿರಲಿಲ್ಲ. ಅಲ್ಲಿಂದ ಅದಕ್ಕೆ ಕಾಳು ಹಾಕುವುದು ನಿಂತುಹೋಗಿ, ಸತ್ತ ಕರು, ಬೆಕ್ಕುಗಳನ್ನು ಹಾಕಿ ಮಣ್ಣು ಸುರಿಯುವ ಜಾಗವಾಗಿತ್ತು.

'ದೀಪ ಅಂಟ್ಸೋಕೆ ಮುಂಚೆ ಎಣ ಮನೆಯಿಂದ ಈಚ್ಗೆ ಓಗ್ಬೇಕಲ್ಲ. ನೆಲ ತೋಡೋಕೆ ಒತ್ತಿರ್ನಿಲ್ಲ. ಒಂದು ಗೋಣೀಲಿ ಸುತ್ತಿ, ಅಗ್ಗ ಕಟ್ಟಿ, ಅಗೇವಿನೊಳಿಕ್ಕೆ ಇಳೇ ಬುಟ್ಟೋ. ಬೆಳ್ಗೆ ಮಣ್ಣು ಆಕನ ಅಂತ ಚಪ್ಪಡಿ ಎಳ್ದು ಬಂದೋ. ದೀಪ ಅಂಟ್ಸಿ ಕುಂತಿದ್ದೋ.' ಬೀರಮ್ಮ ಹಗೇವಿನ ಕಡೆ ನೋಡಿದಳು. 'ಆಮೇಲೆ ಕೂಗ್ತು.'

'ಏಳೂವರೆಗೆ' ಎಂದಳು ಪ್ರಮೀಳಾ, ಕೈಯಲ್ಲಿದ್ದ ಹುಣಸೆಹಣ್ಣಿನಿಂದ ಕಣ್ಣು ತೆಗೆಯದೆ. 'ಗಡಿಯಾರ ನೋಡ್ದೆ.'

ರೇಣುಕಾಪ್ರಸಾದನ ಪೆನ್ನು 'ಮೊದಲ ಸದ್ದು' ಎಂಬ ಕಡೆ ಏಳೂವರೆ ಎಂದು ಬರೆದಾಗಿತ್ತು. ಎಂಟು ನಾಯಿಗಳಿಗೆ ಹೀಗೇ ಕೇಳಿ ಕೇಳಿ ಬರೆದ ಕೈ, ತನ್ನ ಪಾಡಿಗೆ ತಾನು ಬರೆದಿತ್ತು. ಬರೆದದ್ದೇನೆಂದು ಅವನಿಗೆ ಅರ್ಥವಾದದ್ದು ಆಮೇಲೆ. ತಿಟ್ಟೆಯ ಅಂಚು ಹಿಡಿದುಕೊಂಡ.

'ಚಾಮಯ್ಯ ಎದ್ರುಕಂಡ. ತಾತ ಜಿಂಕೀನ ಕರ್ಕಂಡವ್ನೆ, ಈಗ ನಮ್ಮನ್ನ ಕರೀತಾವ್ನೆ, ಚಪ್ಪಡಿ ಮುಟ್ಬ್ಯಾಡಿ ಅಂದ. ದೀಪ ಅಂಟ್ಸುದ್ಮೇಲೆ ಅದುನ್ನ ಯಾರೂ ತೆಗ್ಯಾಕಿಲ್ಲ ಕಣಪ್ಪ, ಇಂದಿನಿಂದ್ಲೂ ಅಂಗೇಯ. ಆದ್ರೆ ನಂಗೆ ತಡ್ಯಾಕೆ ಆಗ್ನಿಲ್ಲ. ಆವತ್ತೇ ಸತ್ತದ್ಕೆ ತಾನು ಸತ್ತಿರಾದು ತಿಳ್ಯಾಕಿಲ್ವಂತೆ. ಕತ್ಲೇಲಿ ಒಬ್ಳೇ ಅವ್ಳಲ್ಲ ಅಂತ ನಾನೇ ಎದ್ದೋಗಿ ಚಪ್ಪಡಿ ಮ್ಯಾಲೆ ಕುಂತ್ಕಂಡೆ.'

'ಚಪ್ಪಡಿ ಮೇಲೆ' ಎಂದ ರೇಣುಕಾಪ್ರಸಾದ್.

'ಊಂ. ಕುಂತ್ಕಂಡು ಸಮಾಧಾನ ಏಳ್ದೆ. ಓಗವ್ವ, ನಿನ್ನ ದಾರಿ ನೀನು ನೋಡ್ಕ, ಎದ್ರುಕಬ್ಯಾಡ, ನಾನಿಲ್ಲೇ ಅವ್ನಿ ಅಂದೆ. ನನ್ನ ದನಿ ಕೇಳಿ ಮೊದ್ಲು ಜಾಸ್ತಿ ಕೂಗ್ತು. ಕೆರೀತು. ನಾನು ಮಾತಾಡ್ತಾನೇ ಇದ್ದೆ. ಆಮೇಲಾಮೇಲೆ ಕಮ್ಮಿಯಾಯ್ತು. ಒಂದು ಒಂದೂವರೆ ಗಂಟೆ ಆಗಿರ್ಬೋದು. ಸುಮ್ಗಾಯ್ತು. ಪೂರಾ ಸುಮ್ಗಾದ್ಮೇಲೆ ಎದ್ದು ಬಂದೆ.'

ಹೇಳುವಾಗ ಅವಳ ದನಿಯಲ್ಲಿ ನಡುಕವಿರಲಿಲ್ಲ. ಹೆರಿಗೆ ಮನೆಯಲ್ಲಿ ರಾತ್ರಿಯಿಡೀ ಕೂತು ಬಂದವರು ಹೇಳುವ ಹಾಗೆ ಹೇಳಿದಳು. ಮಾರನೆಯ ಬೆಳಿಗ್ಗೆ ಚಾಮಯ್ಯ ಎರಡು ಗಾಡಿ ಮಣ್ಣು ತಂದು ಹಗೇವನ್ನು ಬಾಯಿತನಕ ಮುಚ್ಚಿದನಂತೆ.

'ಸತ್ತ ನಾಯಿ ಕೂಗಲ್ಲ ಅಂತಾಳೆ ಇವ್ಳು' ಎಂದು ಬೀರಮ್ಮ ಸೊಸೆಯ ಕಡೆ ಗದ್ದ ತಿರುಗಿಸಿದಳು. 'ಅವತ್ನಿಂದ ನಂಗೆ ಗಂಟ್ಲಲ್ಲಿ ಮುದ್ದೆ ಇಳೀತಿಲ್ಲ. ನೀನು ಓದ್ದೋನು. ನೀನೇ ಏಳಪ್ಪ, ಸತ್ತ ನಾಯಿ ಕೂಗ್ತದಾ?'

ಅವಳು ಮೂರು ದಿನದಿಂದ ಉಪವಾಸವಿದ್ದಾಳೆ ಎಂದು ಆಗ ಅವನ ಗಮನಕ್ಕೆ ಬಂತು. ಕಣ್ಣು ಗುಳಿ ಬಿದ್ದಿತ್ತು, ತುಟಿ ಒಡೆದಿತ್ತು. ಅವನು ಇಲ್ಲವೆಂದರೆ ಅದು ನಿಜ. ಆ ನಿಜದ ಜೊತೆಗೆ, ತಾನು ಯಾವುದರ ಮೇಲೆ ಕೂತು ಯಾರನ್ನು ಸಮಾಧಾನ ಮಾಡಿದೆ ಎಂಬುದನ್ನು ಹೊತ್ತುಕೊಂಡು ಈ ಮುದುಕಿ ಉಳಿದ ವರ್ಷಗಳನ್ನು ಕಳೆಯಬೇಕು. ಮೂರು ದಿನದಲ್ಲೇ ಹೀಗಾದವಳು ಎಷ್ಟು ದಿನ ಉಳಿದಾಳು? ತಪ್ಪು ಯಾರದು? ಚೀಟಿ ಬದಲಿಸಿದವನದು, ಬಸ್ಸಿಗೆ ಕಳಿಸಿದವನದು, ನಾಳೆ ಬರುತ್ತೇನೆಂದು ಬಾರದೆ ಇದ್ದವನದು.

'ಕೂಗ್ತವೆ ಅಮ್ಮ' ಎಂದ.

ಪ್ರಮೀಳಾಳ ಕೈ ನಿಂತಿತು.

'ಆ ಔಷಧಿ ಹಾಗೇ. ಸತ್ತ ಮೇಲೆ ಹೊಟ್ಟೆಯೊಳಗೆ ಗಾಳಿ ಕಟ್ಟಿಕೊಳ್ಳುತ್ತದೆ. ಅದು ಗಂಟಲಲ್ಲಿ ಹೊರಗೆ ಬರುವಾಗ ಕೂಗಿದ ಹಾಗೇ ಕೇಳುತ್ತದೆ. ಕೈಕಾಲೂ ಎಳೆಯುತ್ತವೆ, ಅದಕ್ಕೇ ಕೆರೆದ ಹಾಗೆ ಕೇಳಿರಬೇಕು. ಜಿಂಕಿ ಬಸ್ಸಿನಲ್ಲೇ ಸತ್ತುಹೋಗಿತ್ತು. ನಾನು ಕೊಟ್ಟದ್ದು ಹೆಚ್ಚಾಯಿತು ಅಮ್ಮ. ನಿಮ್ಮ ನಾಯಿಯನ್ನು ಕೊಂದದ್ದು ನಾನು.'

ಅಷ್ಟು ಸರಾಗವಾಗಿ ಸುಳ್ಳು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಕೊನೆಯ ಮಾತು ಮಾ‌ತ್ರ ಸುಳ್ಳಲ್ಲವಾದ್ದರಿಂದ ಉಳಿದದ್ದೂ ನಿಜದ ಹಾಗೆ ಕೇಳಿತೋ ಏನೋ. ಬೀರಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಮೂರು ದಿನದಿಂದ ಬಾರದಿದ್ದ ಅಳುವನ್ನೆಲ್ಲ ಅತ್ತಳು.

'ಏನೂ ಆಗಲ್ಲ ಅಂದಿದ್ಯಲ್ಲಪ್ಪ' ಎಂದಳು. 'ನಿನ್ನ ನಂಬಿ ತಂದ್ನಲ್ಲ.'

ಅಳು ತೀರಿದ ಮೇಲೆ ಮೂಗೊರೆಸಿಕೊಂಡು ಸೊಸೆಯನ್ನು ಕರೆದಳು. 'ಪ್ರಮೀಳ, ಒಂದು ಮುದ್ದೆ ಇಕ್ಕವ್ವ. ತಲೆ ಸುತ್ತಾ ಅದೆ.' ಎದ್ದು ಒಳಗೆ ಹೋಗುವ ಮೊದಲು ಹೊಸಿಲ ಬಳಿ ನಿಂತು, ಅವನ ಕಡೆ ತಿರುಗದೆ ಅಂದಳು: 'ಇನ್ಮ್ಯಾಲೆ ನಮ್ಮನೆ ತಾವ್ಕೆ ಬರ್ಬ್ಯಾಡ.'

ಊಟಕ್ಕಿಟ್ಟು ಪ್ರಮೀಳಾ ಹೊರಗೆ ಬಂದಾಗ ಅವನು ಬೈಕಿನ ಹತ್ತಿರವೇ ನಿಂತಿದ್ದ. ಅವಳು ಸುತ್ತ ನೋಡಿ ದನಿ ತಗ್ಗಿಸಿದಳು.

'ಬೆಳಗ್ಗೆ ಅವ್ರು ಚಪ್ಪಡಿ ಸರಿಸಿ ಮಣ್ಣು ತರೋಕೆ ಹೋಗಿದ್ರು. ಒಳಗೆ ನೋಡ್ಬ್ಯಾಡ ಅಂದಿದ್ರು. ನಾನು ನೋಡ್ದೆ. ಗೋಣಿ ಒಂದು ಕಡೆ ಇತ್ತು, ಅದು ಒಂದು ಕಡೆ ಇತ್ತು. ಗೋಡೆ ತಬ್ಕೊಂಡಂಗೆ, ಮೂತಿ ಮೇಲ್ಗಡೆಗೆ. ಹೊಟ್ಟೆ ಪಟ್ಟಿ ಬಿಚ್ಚೋಗಿತ್ತು.'

ರೇಣುಕಾಪ್ರಸಾದ್ ನೋಟ್‌ಬುಕ್ಕನ್ನು ಜೇಬಿಗೆ ಹಾಕಿದ.

'ನೀರು ಬುಟ್ಟೋಳು ನಾನು' ಎಂದಳು ಪ್ರಮೀಳಾ. 'ಜೀವ ಹೋಯ್ತು ಅಂತ ಮೊದ್ಲು ಅಂದೋಳೂ ನಾನೇ.'

ಅವಳಿಗೆ ಅವನು ಸುಳ್ಳು ಹೇಳಲಿಲ್ಲ. ಮತ್ತಿನಲ್ಲಿ ಗಂಟಲು ನುಂಗುವುದಿಲ್ಲ, ಅದನ್ನು ನಾನು ಹೇಳಿ ಕಳಿಸಬೇಕಿತ್ತು, ನಿಮ್ಮ ತಪ್ಪಲ್ಲ ಎಂದ. ಅವಳು ತಲೆಯಾಡಿಸಿದಳು, ಆದರೆ ಆ ಮಾತಿನಿಂದ ಅವಳಿಗೆ ಏನೂ ಹಗುರವಾದ ಹಾಗೆ ಕಾಣಲಿಲ್ಲ. 'ಅತ್ತೆಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳಿ' ಎಂದು ಹೇಳಿ ಒಳಗೆ ಹೋದಳು.

ಅವನು ಎಲ್ಲರಿಗೂ ಅದನ್ನೇ ಹೇಳಿದ. ಹೇಳಬೇಕಾದ ಅಗತ್ಯವೂ ಹೆಚ್ಚು ಬೀಳಲಿಲ್ಲ, ನಾಯಿ ಕೊಂದ ಡಾಕ್ಟರು ಎಂದು ಸುತ್ತಿನ ಹಳ್ಳಿಗಳಲ್ಲಿ ಬಸ್ಸಿಗಿಂತ ಬೇಗ ಸುದ್ದಿಯಾಯಿತು. ಉಳಿದ ಮೂರು ನಾಯಿಗಳಿಗಾಗಿ ಪಿರಿಯಾಪಟ್ಟಣದ ತನಕ ಹೋಗಬೇಕಾಯಿತು. ಮರಿಯಯ್ಯ ಮಾತ್ರ ಏನನ್ನೋ ಊಹಿಸಿದ್ದ. ಎಲ್ಲ ನಾಯಿಗಳೂ ಮುಗಿದ ಮೇಲೆ ಒಂದು ದಿನ ಡಬ್ಬಿಯಲ್ಲಿ ಉಳಿದಿದ್ದ ಒಂದೇ ಚೀಟಿಯನ್ನು ಒಲೆಗೆ ಹಾಕಿ ಬಂದು, 'ಕಳ್ಸಿ ಬುಡಿ ಅಂದೋನು ನಾನೇ ಅಲ್ವಾ ಸಾ' ಎಂದ. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ.

ಸುದ್ದಿಯ ಕಾಟವನ್ನು ಹೇಗೋ ತಡೆದುಕೊಂಡ. ತಡೆಯಲಾಗದೆ ಹೋದದ್ದು ಬೇರೆ. ಯಾವುದಾದರೂ ಮನೆಯಲ್ಲಿ ಕಟ್ಟಿಹಾಕಿದ ನಾಯಿ ಬಾಗಿಲು ಕೆರೆದರೆ ಅವನ ಕೈಯಲ್ಲಿದ್ದ ಸೂಜಿ ನಿಂತುಬಿಡುತ್ತಿತ್ತು. ಕೂಗಿಗಿಂತ ಅವನನ್ನು ಹೆಚ್ಚು ಕಾಡಿದ್ದು ಆ ಮುದುಕಿಯ ದನಿ. ಎದ್ರುಕಬ್ಯಾಡ, ನಾನಿಲ್ಲೇ ಅವ್ನಿ. ಮೇಲಿನಿಂದ ಬರುತ್ತಿದ್ದ ಆ ಗುರುತಿನ ದನಿ ಕೇಳಿ, ಈಗ ತೆಗೆಯುತ್ತಾಳೆ, ಈಗ ತೆಗೆಯುತ್ತಾಳೆ ಎಂದು ಜಿಂಕಿ ಕಾದಿರಬೇಕು. ಇದನ್ನು ಯೋಚಿಸಬಾರದೆಂದು ಅವನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ.

ಥೀಸಿಸ್ ಬರೆಯುವಾಗ ಒಂಬತ್ತನೆಯ ಸಾಲು ಬಂತು. 'ಔಷಧಿಯಿಂದ ಸತ್ತಿತು' ಎಂದು ಬರೆದರೆ ಬೀರಮ್ಮನಿಗೆ ಹೇಳಿದ್ದಕ್ಕೆ ಸರಿಹೊಂದುತ್ತದೆ, ಯಾರೂ ಪ್ರಶ್ನಿಸುವುದಿಲ್ಲ. ಆದರೆ ಹಾಗೆ ಬರೆದರೆ, ಇಂಥ ತೆಳ್ಳನೆಯ ನಾಯಿ ಸತ್ತ ಹಾಗೆ ಮಲಗಿದ್ದು ತಡವಾಗಿ ಏಳುತ್ತದೆ ಎಂಬುದು ಇನ್ನೊಬ್ಬ ಹಳ್ಳಿಯ ಡಾಕ್ಟರಿಗೆ ಎಂದೂ ತಿಳಿಯುವುದಿಲ್ಲ. ಅವನೂ ಬಸ್ಸಿಗೆ ಕಳಿಸುತ್ತಾನೆ. ಒಂದು ವಾರ ಆ ಸಾಲನ್ನು ಖಾಲಿ ಬಿಟ್ಟುಕೊಂಡು ಒದ್ದಾಡಿದ. ಕೊನೆಗೆ ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನೇ ಇಳಿಸಿದ. ಮೊದಲ ಸದ್ದು: ಐದು ಗಂಟೆ ಐವತ್ತು ನಿಮಿಷದ ನಂತರ. ತಲೆ ಎತ್ತಿದ್ದು, ಎದ್ದು ನಿಂತದ್ದು, ಎರಡೂ ಖಾಲಿ. ಕೆಳಗೆ, ಇಂಥ ನಾಯಿಗಳನ್ನು ಎದ್ದು ನಡೆಯುವವರೆಗೆ ಮನೆಗೆ ಕಳಿಸಕೂಡದು ಎಂದು ಒಂದು ಸಾಲು ಸೇರಿಸಿದ.

ಅವನ ಗೈಡು ಪ್ರೊಫೆಸರ್ ಚನ್ನಬಸವಣ್ಣ. ನಿವೃತ್ತಿಗೆ ಹತ್ತಿರವಿದ್ದ, ಶಿಷ್ಯರ ಬರವಣಿಗೆಯನ್ನು ಅಕ್ಷರ ಅಕ್ಷರ ಓದುತ್ತಿದ್ದ ಮನುಷ್ಯ. ಒಂಬತ್ತನೆಯ ಸಾಲಿಗೆ ಬಂದಾಗ ಅವರ ಬೆರಳು ನಿಂತಿತು.

'ಇದು ಬಹಳ ಮುಖ್ಯ ಕಣ್ರೀ. ನಮ್ಮ ನಾಯಿಗಳಲ್ಲಿ ಇದನ್ನು ಯಾರೂ ಸರಿಯಾಗಿ ನೋಡಿ ಬರೆದಿಲ್ಲ. ಮುಂದಿನ ಎರಡು ಯಾಕೆ ಖಾಲಿ?'

'ಆಮೇಲೆ ಸತ್ತಿತು ಸರ್.'

'ಅಯ್ಯೋ' ಎಂದರು ಪ್ರೊಫೆಸರು. 'ಅಷ್ಟು ಹೊತ್ತು ನೀವೇ ಕೂತಿದ್ರಾ ಪಕ್ಕದಲ್ಲಿ?'

'ಇಲ್ಲ ಸರ್. ಆ ಮನೆಯ ಅಜ್ಜಿ ಕೂತಿದ್ದರು. ಅದರ ಜೊತೆ ಮಾತಾಡುತ್ತಾ ಇದ್ದರಂತೆ. ಅದು ಪೂರಾ ಸುಮ್ಮನಾಗುವ ತನಕ ಎದ್ದು ಬರಲಿಲ್ಲ.'

ಚನ್ನಬಸವಣ್ಣನವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮನೆಯಲ್ಲೂ ಒಂದು ಮುದಿ ನಾಯಿ ಇತ್ತು.

'ಸಾಯೋ ಹೊತ್ತಿಗೆ ಅಂಥವರೊಬ್ಬರು ಹತ್ತಿರ ಇದ್ದರಲ್ಲ, ಅದೇ ಆ ನಾಯಿಯ ಪುಣ್ಯ' ಎಂದು ಹೇಳಿ ಮುಂದಿನ ಪುಟ ತಿರುವಿದರು.